ಕಾರಿನ ಬಾಗಿಲ ಸ್ಪೀಕರು: ಸದ್ದು ಹೆಚ್ಚಬೇಕೋ, ಮಾತು ತಿಳಿಯಬೇಕೋ?

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲಿನ ನಾಲ್ಕು ದಶಕಗಳಲ್ಲಿ ಸಣ್ಣ ಕಾರು ಮಧ್ಯಮ ವರ್ಗದ ಮನೆಗಳಿಗೆ ಅಪರೂಪದ ವಸ್ತುವಾಗಿ ಉಳಿದಿಲ್ಲ. ಮದುವೆ, ಜಾತ್ರೆ, ತವರುಮನೆ, ಆಸ್ಪತ್ರೆ ಎಂದು ಮೂರು ತಲೆಮಾರಿನವರು ಒಂದೇ ವಾಹನದಲ್ಲಿ ಕುಳಿತು ಪ್ರಯಾಣ ಮಾಡುತ್ತೇವೆ. ದಾರಿಯ ಬೇಸರ ಕಳೆಯಲು ಹಾಡು ಬೇಕು, ವಾರ್ತೆ ಬೇಕು, ಒಮ್ಮೊಮ್ಮೆ ಹಿರಿಯರೊಬ್ಬರ ಉಪನ್ಯಾಸವೂ ಬೇಕು. ಆದರೆ ಹಿಂದಿನ ಆಸನದಲ್ಲಿ ಕುಳಿತ ಅಜ್ಜನಿಗೆ ಹಾಡಿನ ಮಾತು ತಿಳಿಯುವುದಿಲ್ಲ. 'ಸ್ವಲ್ಪ ದೊಡ್ಡದು ಮಾಡಪ್ಪಾ' ಎನ್ನುತ್ತಾರೆ. ದೊಡ್ಡದು ಮಾಡಿದರೆ ಮುಂದೆ ಕುಳಿತವರ ಕಿವಿಗೆ ಕರ್ಕಶವಾಗುತ್ತದೆ, ತೊಡೆಯ ಮೇಲಿನ ಮಗು ಬೆಚ್ಚುತ್ತದೆ. ಅಜ್ಜನಿಗೆ ಮಾತ್ರ ಮಾತು ಆಗಲೂ ಸ್ಪಷ್ಟವಾಗುವುದಿಲ್ಲ.

ಇಂತಹ ಹೊತ್ತಿನಲ್ಲಿಯೇ ಕಾರಿನೊಡನೆ ಬಂದ ಸ್ಪೀಕರು ತೆಗೆಸಿ ಬೇರೆಯದನ್ನು ಹಾಕಿಸುವ ಆಲೋಚನೆ ಹುಟ್ಟುತ್ತದೆ. ಅಂಗಡಿಗೆ ಹೋದರೆ ನೂರಾರು ವ್ಯಾಟುಗಳ ಲೆಕ್ಕ ಹೇಳಿ, ಕಿವಿಗಡಚಿಕ್ಕುವಂತೆ ಬಾರಿಸಿ ತೋರಿಸುತ್ತಾರೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಇಷ್ಟೆ: ಒಳ್ಳೆಯ ಸ್ಪೀಕರು ಬೇಕಾದುದು ಸದ್ದನ್ನು ಹೆಚ್ಚಿಸಲಿಕ್ಕಲ್ಲ, ತಗ್ಗಿಸಲಿಕ್ಕೆ. ಬದಲಾವಣೆಯಾದ ಮೇಲೆ ವಾಲ್ಯೂಮ್ ಗುಂಡಿಯನ್ನು ಹಿಂದಕ್ಕೆ ತಿರುಗಿಸಿಯೂ ಎಲ್ಲರಿಗೂ ಮಾತು ತಿಳಿಯುವಂತಾದರೆ ಮಾತ್ರ ಆ ಖರ್ಚು ಸಾರ್ಥಕ.

ಮಾತು ಮಸಕಾಗುವುದೇಕೆ?

ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಂಜಿನಿಯರರು 1925ರಲ್ಲಿ ವಿವರಿಸಿದ ತತ್ತ್ವದಿಂದಲೇ ಇಂದಿನ ಸ್ಪೀಕರುಗಳೂ ಕೆಲಸ ಮಾಡುತ್ತವೆ. ಅಯಸ್ಕಾಂತದ ನಡುವೆ ತಂತಿಯ ಒಂದು ಸುರುಳಿ. ಅದಕ್ಕೆ ಅಂಟಿದ ಕೊಳವೆಬಾಯಿಯಂತಹ ಹಾಳೆ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಹಾಳೆ ಹಿಂದೆಮುಂದೆ ಚಲಿಸಿ ಗಾಳಿಯನ್ನು ಕಂಪಿಸುತ್ತದೆ. ಸಣ್ಣ ಕಾರಿನ ಬೆಲೆಯನ್ನೂ ತೂಕವನ್ನೂ ಹಿಡಿತದಲ್ಲಿಡಬೇಕಾದ್ದರಿಂದ ಅದರ ಬಾಗಿಲಿನಲ್ಲಿ ಸಾಮಾನ್ಯವಾಗಿ ಚಿಕ್ಕ ಅಯಸ್ಕಾಂತ, ಪ್ಲಾಸ್ಟಿಕ್ ಚೌಕಟ್ಟು ಮತ್ತು ಕಾಗದದ ಹಾಳೆಯ ಸ್ಪೀಕರು ಇರುತ್ತದೆ. ಕಾಗದವೆಂದು ಹಳಿಯಬೇಕಾಗಿಲ್ಲ, ಬಹು ಬೆಲೆಯ ಸ್ಪೀಕರುಗಳಲ್ಲಿಯೂ ಕಾಗದವುಂಟು. ಆದರೆ ತಗ್ಗಿನ ಸ್ವರದಿಂದ ತೀರ ಏರಿನ ಸ್ವರದವರೆಗೆ ಎಲ್ಲವನ್ನೂ ಒಂದೇ ಹಾಳೆ ನುಡಿಸಬೇಕಾದಾಗ ಏರಿನ ಸ್ವರಗಳು ಸೊರಗುತ್ತವೆ.

ಇದಕ್ಕಿಂತ ದೊಡ್ಡ ತೊಡಕು ಸ್ಪೀಕರು ಕುಳಿತಿರುವ ಸ್ಥಳದ್ದು. ತಗ್ಗಿನ ಸ್ವರಗಳು ಅಡೆತಡೆಗಳನ್ನು ಸುತ್ತಿಕೊಂಡು ಹೋಗಬಲ್ಲವು. ಏರಿನ ಸ್ವರಗಳು ದೀಪದ ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಬಾಗಿಲಿನ ಕೆಳಗೆ, ಮೊಣಕಾಲಿನ ಪಕ್ಕದಲ್ಲಿ ಹುಟ್ಟುವ ಈ ಸ್ವರಗಳು ಉಡುಪಿಗೂ ಆಸನದ ಬಟ್ಟೆಗೂ ಬಡಿದು ಅಲ್ಲಿಯೇ ಅಡಗುತ್ತವೆ. ನಮ್ಮ ಮಾತಿನಲ್ಲಿ ಸ, ಶ, ತ, ಪ ಮುಂತಾದ ವ್ಯಂಜನಗಳನ್ನು ಬೇರ್ಪಡಿಸಿ ತಿಳಿಸುವ ಸೂಕ್ಷ್ಮ ಧ್ವನಿಗಳು ಹೆಚ್ಚಾಗಿ 2,000 ಹರ್ಟ್ಸ್‌ಗಿಂತ ಮೇಲಿನವು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಏರಿನ ಭಾಗವನ್ನೇ. ಹೀಗಾಗಿ ಅಜ್ಜನಿಗೆ ಸದ್ದು ಕೇಳುತ್ತದೆ. ಆದರೆ ಹಾಡಿದ್ದು 'ಸತ್ಯ'ವೋ 'ಪಥ್ಯ'ವೋ ತಿಳಿಯುವುದಿಲ್ಲ. ಗುಂಡಿ ತಿರುಗಿಸಿದರೆ ಎಲ್ಲ ಸ್ವರಗಳೂ ಒಟ್ಟಿಗೆ ಹೆಚ್ಚುತ್ತವೆಯೇ ಹೊರತು ಸೊರಗಿದ ಭಾಗವೊಂದೇ ಹೆಚ್ಚುವುದಿಲ್ಲ.

ಆಯ್ಕೆಯಲ್ಲಿ ನೋಡಬೇಕಾದುದು

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಹಾಳೆಯ ಮಧ್ಯದಲ್ಲಿಯೇ ಏರಿನ ಸ್ವರಕ್ಕಾಗಿ ಚಿಕ್ಕ ಟ್ವೀಟರ್ ಕೂರಿಸಿದ್ದು ಕೋಯಾಕ್ಸಿಯಲ್. ಟ್ವೀಟರನ್ನು ಬೇರೆಯಾಗಿಯೇ ಕೊಡುವುದು ಕಾಂಪೊನೆಂಟ್. ಎರಡನೆಯದರ ಟ್ವೀಟರನ್ನು ಬದಿಗನ್ನಡಿಯ ಒಳಗಿನ ತ್ರಿಕೋನದಲ್ಲಿಯೋ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿಯೋ ಕಿವಿಯ ಎತ್ತರಕ್ಕೆ ಸಮೀಪವಾಗಿ ಕೂರಿಸಬಹುದು. ಮಾತಿನ ಸ್ಪಷ್ಟತೆಯೇ ಗುರಿಯಾದರೆ ಮುಂಬಾಗಿಲಿಗೆ ಕಾಂಪೊನೆಂಟ್ ಮೇಲು. ಹಿಂಬಾಗಿಲಲ್ಲಿಯೂ ಸ್ಪೀಕರಿಗೆ ಸ್ಥಳವಿದ್ದರೆ ಅಲ್ಲಿ ಸಾಧಾರಣ ಕೋಯಾಕ್ಸಿಯಲ್ ಸಾಕು. ಹಿರಿಯರು ಕೂರುವುದು ಅಲ್ಲಿಯೇ ಆದ್ದರಿಂದ ಆ ಜೋಡಿಯನ್ನು ಬಿಡಬಾರದು.

ಡಬ್ಬಿಯ ಮೇಲಿನ ವ್ಯಾಟಿನ ಅಂಕಿಗೆ ಮರುಳಾಗಬಾರದು. ಅದು ಬಹುತೇಕ ಕ್ಷಣಮಾತ್ರದ ಗರಿಷ್ಠ ಲೆಕ್ಕ. 'ನಾಲ್ಕು ಬಾರಿ 50 ವ್ಯಾಟ್' ಎಂದು ಬರೆದ ಸ್ಟೀರಿಯೊ ಕೂಡ ವಾಸ್ತವವಾಗಿ ಒಂದೊಂದು ಸ್ಪೀಕರಿಗೆ ನಿರಂತರವಾಗಿ ಕೊಡುವುದು ಸುಮಾರು 20 ವ್ಯಾಟ್. ಕೇಳಬೇಕಾದುದು ಸೆನ್ಸಿಟಿವಿಟಿ ಎಂಬ ಅಂಕಿಯನ್ನು. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬುದನ್ನು ಅದು ತಿಳಿಸುತ್ತದೆ. ಇಲ್ಲಿ 3 ಡೆಸಿಬಲ್ ಹೆಚ್ಚಿದ್ದರೆ ಅಷ್ಟೇ ಸದ್ದಿಗೆ ಅರ್ಧ ವಿದ್ಯುಚ್ಛಕ್ತಿ ಸಾಕು. 88 ಡೆಸಿಬಲ್ಲಿನ ಸ್ಪೀಕರು 20 ವ್ಯಾಟಿನಲ್ಲಿ ಮಾಡುವ ಕೆಲಸವನ್ನು 91 ಡೆಸಿಬಲ್ಲಿನದು 10 ವ್ಯಾಟಿನಲ್ಲಿ ಮಾಡುತ್ತದೆ. ಬೇರೆ ಆಂಪ್ಲಿಫೈಯರ್ ಕೊಳ್ಳದ ಮನೆಯವರಿಗೆ ಈ ಅಂಕಿಯೇ ಮುಖ್ಯ. ಇನ್ನು ಸ್ಪೀಕರಿನ ರೋಧ ಸ್ಟೀರಿಯೊಗೆ ಹೊಂದಬೇಕು. ಸಾಮಾನ್ಯವಾಗಿ ಅದು 4 ಓಮ್. ಸ್ಟೀರಿಯೊ ತಾಳುವುದಕ್ಕಿಂತ ಕಡಿಮೆ ರೋಧದ್ದನ್ನು ಜೋಡಿಸಿದರೆ ಅದು ಕಾಯುತ್ತದೆ.

ಅಳತೆಯಲ್ಲಿ ಅಗಲದಷ್ಟೇ ಆಳವೂ ಗಣನೆಗೆ ಬರುತ್ತದೆ. ಬಾಗಿಲುಗಳಲ್ಲಿ ಸಾಮಾನ್ಯವಾಗಿ 4, 5.25 ಅಥವಾ 6.5 ಇಂಚಿನವು ಕೂರುತ್ತವೆ. ಅಯಸ್ಕಾಂತ ದಪ್ಪವಾಗಿದ್ದರೆ ಕೆಳಗಿಳಿದ ಗಾಜು ಅದಕ್ಕೆ ಬಡಿಯುತ್ತದೆ. ಕೊಳ್ಳುವ ಮೊದಲೇ ಗಾಜನ್ನು ಪೂರ್ತಿ ಇಳಿಸಿ ಆಳವನ್ನು ಅಳೆಯಬೇಕು. ಕೂರಿಸಿದ ಮೇಲೆ, ಬಾಗಿಲ ಹಲಗೆ ಮುಚ್ಚುವ ಮೊದಲು ಮತ್ತೊಮ್ಮೆ ಇಳಿಸಿ ನೋಡಬೇಕು.

ಬಾಗಿಲೇ ಪೆಟ್ಟಿಗೆ

ಬುರುಡೆಯಿಲ್ಲದ ತಂಬೂರಿಯನ್ನು ಊಹಿಸಿಕೊಳ್ಳಿ. ತಂತಿ ಎಷ್ಟು ಉತ್ತಮವಾದರೇನು, ನಾದ ತುಂಬಿ ಬಾರದು. ಸ್ಪೀಕರಿಗೂ ಒಂದು ಒಡಲು ಬೇಕು. ಹಾಳೆಯ ಮುಂಭಾಗದ ಅಲೆಗೂ ಹಿಂಭಾಗದ ಅಲೆಗೂ ವಿರುದ್ಧ ಸ್ವಭಾವ. ಸಂದಿಯಿಂದ ಅವೆರಡೂ ಕಲೆತರೆ ತಗ್ಗಿನ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಮನೆಯಲ್ಲಿ ಇದನ್ನು ತಡೆಯುವುದು ಮರದ ಪೆಟ್ಟಿಗೆ. ಕಾರಿನಲ್ಲಿ ಬಾಗಿಲೇ ಪೆಟ್ಟಿಗೆ. ಅದೂ ತೂತುಗಳಿರುವ ತೆಳ್ಳನೆಯ ತಗಡಿನದು. ಆದುದರಿಂದ ಸಾಧಾರಣ ಬೆಲೆಯ ಸ್ಪೀಕರನ್ನು ಗಟ್ಟಿಯಾಗಿ, ಸಂದಿಯಿಲ್ಲದಂತೆ ಕೂರಿಸಿದರೆ ಅದು, ಸಡಿಲಾಗಿ ಕೂರಿಸಿದ ದುಬಾರಿ ಸ್ಪೀಕರನ್ನು ಮೀರಿಸಬಲ್ಲದು. ಹಣದಲ್ಲಿ ಒಂದು ಪಾಲನ್ನು ಬಾಗಿಲಿಗೆಂದೇ ತೆಗೆದಿಡುವುದು ಜಾಣತನ.

ಕೆಲಸ ದೊಡ್ಡದೇನಲ್ಲ. ಸ್ಪೀಕರು ಮತ್ತು ತಗಡಿನ ನಡುವೆ ಅಳತೆಗೆ ಒಪ್ಪುವ ಗಟ್ಟಿ ಪ್ಲಾಸ್ಟಿಕ್ ಬಳೆ, ಅದರ ಸುತ್ತ ಫೋಮ್ ಪಟ್ಟಿ, ಸ್ಪೀಕರಿನ ಹಿಂದಿನ ಹೊರತಗಡಿಗೆ ಕಂಪನ ತಡೆಯುವ ಬ್ಯುಟೈಲ್ ಹಾಳೆಯ ಒಂದು ತುಂಡು. ಎಂ.ಡಿ.ಎಫ್. ಹಲಗೆಯ ಬಳೆಯನ್ನು ಬಣ್ಣ ಬಳಿಯದೆ ಹಾಕಬಾರದು; ಅದು ನೀರು ಕುಡಿದು ಉಬ್ಬುತ್ತದೆ. ಮಳೆನೀರು ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿಯುವುದೂ, ಅಡಿಯ ತೂತುಗಳಿಂದ ಹೊರಹೋಗುವುದೂ ಸಹಜ ಏರ್ಪಾಡು. ಆ ತೂತುಗಳನ್ನು ಮುಚ್ಚಿದರೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಒಳಗಡೆಯ ಪ್ಲಾಸ್ಟಿಕ್ ಪರದೆಯನ್ನು ಹರಿದರೆ ಮಲೆನಾಡಿನ, ಕರಾವಳಿಯ ಒಂದೇ ಮಳೆಗಾಲಕ್ಕೆ ನೆಲಹಾಸು ಒದ್ದೆಯಾಗಿ ನಾರುತ್ತದೆ. ಬದಿಯ ಏರ್‌ಬ್ಯಾಗ್ ಇರುವ ಕೆಲವು ಕಾರುಗಳಲ್ಲಿ ಅಪಘಾತವನ್ನು ಗುರುತಿಸುವ ಒತ್ತಡದ ಸೆನ್ಸರ್ ಬಾಗಿಲೊಳಗೇ ಇರುತ್ತದೆ. ಅಂತಹ ಕಾರಿನ ಬಾಗಿಲನ್ನು ಅದನ್ನು ಬಲ್ಲವರಿಂದಲೇ ತೆಗೆಸಬೇಕು. ಸಂಗೀತದ ಆಸೆಗೆ ಪ್ರಾಣರಕ್ಷಣೆಯ ಏರ್ಪಾಡು ಕೆಡಬಾರದು.

ಜೋಡಣೆ ಮತ್ತು ಪರೀಕ್ಷೆ

ಕಾರ್ಖಾನೆಯ ತಂತಿಯನ್ನು ಕತ್ತರಿಸಲು ಯಾರಿಗೂ ಅವಕಾಶ ಕೊಡಬೇಡಿ. ಆಯಾ ಕಾರಿಗೆ ಹೊಂದುವ ಜೋಡುಬಾಯಿಗಳು ಸಿಗುತ್ತವೆ. ಅವನ್ನು ಬಳಸಿದರೆ ವಾರಂಟಿಯ ತಕರಾರಿಗೆ ಎಡೆ ಕಡಿಮೆ; ಮುಂದೆ ಕಾರು ಮಾರುವಾಗ ಹಳೆಯ ಸ್ಪೀಕರನ್ನೇ ಮರಳಿ ಹಾಕಬಹುದು. ತಂತಿಗಳ ಧನ ಋಣಗಳು ಎರಡೂ ಬಾಗಿಲಲ್ಲಿ ಒಂದೇ ಕ್ರಮದಲ್ಲಿರಬೇಕು. ಒಂದು ಕಡೆ ತಿರುಗುಮುರುಗಾದರೆ ಎರಡು ಸ್ಪೀಕರುಗಳು ಪರಸ್ಪರ ವಿರುದ್ಧವಾಗಿ ದುಡಿದು ತಗ್ಗಿನ ಸ್ವರ ಮಾಯವಾಗುತ್ತದೆ. ಸ್ಪೀಕರಿನ ಗುರುತು ಅಳಿಸಿದ್ದರೆ ಮನೆಯ ಮಕ್ಕಳೂ ಪರೀಕ್ಷಿಸಬಹುದು: ಯಾವ ತಂತಿಗೂ ಜೋಡಿಸದ ಸ್ಪೀಕರಿಗೆ 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ. ಹಾಳೆ ಹೊರಕ್ಕೆ ಜಿಗಿದರೆ ಸೆಲ್ಲಿನ ಧನಾಗ್ರ ಮುಟ್ಟಿದ ತುದಿಯೇ ಸ್ಪೀಕರಿನ ಧನಾಗ್ರ.

ಕೊನೆಗೆ ಕೇಳಿ ನೋಡುವ ಹಂತ. ಬೇಸ್, ಟ್ರೆಬಲ್ ಎರಡನ್ನೂ ಸೊನ್ನೆಗೆ ತನ್ನಿ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನವನ್ನೋ ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠದ ಒಂದು ರಾಗವನ್ನೋ ಹಚ್ಚಿ, ಹಿಂದಿನ ತಂಬೂರಿಯ ನಾದ ಎಳೆಎಳೆಯಾಗಿ ಕೇಳುತ್ತದೆಯೇ, ಬಾಗಿಲ ಹಲಗೆ ಗದಗುಟ್ಟುತ್ತದೆಯೇ ಗಮನಿಸಿ. ಅನಂತರ ರೇಡಿಯೊ ವಾರ್ತೆಯನ್ನು ತಗ್ಗಿದ ಸದ್ದಿನಲ್ಲಿ ಹಾಕಿ, ಹಿಂದಿನ ಆಸನದ ಹಿರಿಯರಿಗೆ ಕೇಳಿದ್ದನ್ನು ಹೇಳುವಂತೆ ಕೋರಿ. ಅವರು ತಡವರಿಸದೆ ಹೇಳಿದರೆ ನಿಮ್ಮ ಹಣ ಸದ್ವಿನಿಯೋಗವಾಯಿತು. ಉಳಿದವರಿಗೆಲ್ಲ ಸ್ಪಷ್ಟವಾಗಿದ್ದೂ ಅವರಿಗೆ ಮಾತ್ರ ತಿಳಿಯದಿದ್ದರೆ ಇನ್ನೂ ದೊಡ್ಡ ಸ್ಪೀಕರಿಗೆ ಕೈಹಾಕಬೇಡಿ; ಅವರನ್ನು ಕಿವಿಯ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಿರಿಯರ ಮೌನವನ್ನು ನಾವು ಎಷ್ಟೋ ಸಲ ವಯಸ್ಸಿನ ಗಾಂಭೀರ್ಯವೆಂದು ತಿಳಿಯುತ್ತೇವೆ. ಮನೆಯ ಮಾತುಕತೆ ಅವರಿಗೆ ಕೇಳಿಸುತ್ತಲೇ ಇಲ್ಲವೆಂಬುದು ಹೊಳೆಯುವುದೇ ಇಲ್ಲ.

ಕಿವಿಯ ಮಿತಿ, ರಸ್ತೆಯ ಧರ್ಮ

ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ವಯಸ್ಕರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆಯ ಮಿತಿ. ಮಕ್ಕಳಿಗೆ ಅದೇ ಅವಧಿಗೆ 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಂತೆ ಸುರಕ್ಷಿತ ಕಾಲ ಅರ್ಧಕ್ಕೆ ಇಳಿಯುತ್ತದೆ. ಅಂದರೆ 80ರಿಂದ 89ಕ್ಕೆ ಏರಿದರೆ 40 ಗಂಟೆ 5 ಗಂಟೆಯಾಗುತ್ತದೆ. ಕಾರಿನೊಳಗೆ ಇಂಜಿನ್, ಟೈರು, ಗಾಳಿಯ ಸದ್ದು ಮೊದಲೇ ಇರುವುದನ್ನು ಮರೆಯಬಾರದು. ಚಾಲಕನಿಗೆ ಆಂಬ್ಯುಲೆನ್ಸಿನ ಕೂಗೂ ಕೇಳಬೇಕು. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆ ಅಥವಾ ಎರಡೂ ಎಂದು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ಹೇಳುತ್ತದೆ. ದಂಡದ ಮಾತಿರಲಿ, ಆ ಗಾಡಿಯಲ್ಲಿರುವವರೂ ಯಾರದೋ ಮನೆಯವರು.

ಅಂಗಡಿಯ ಮುಂದೆ ನಿಂತಾಗ 'ಇದು ಎಷ್ಟು ಜೋರಾಗಿ ಬಾರಿಸುತ್ತದೆ' ಎಂದು ಕೇಳುವ ಬದಲು 'ಎಷ್ಟು ಮೆಲ್ಲಗೆ ಹಾಕಿದರೂ ಮಾತು ತಿಳಿಯುತ್ತದೆ' ಎಂದು ಕೇಳಿರಿ. ಆಯ್ಕೆ ತಾನಾಗಿಯೇ ಸರಿದಾರಿಗೆ ಬರುತ್ತದೆ.