ತಂಪಿನ ಬೆಲೆ, ನಕ್ಷತ್ರಗಳ ಲೆಕ್ಕ

ಕಳೆದ ಬೇಸಿಗೆಯಲ್ಲಿ ರೋಗಿಗಳ ಭೇಟಿಗೆಂದು ನಮ್ಮ ಧರ್ಮಕೇಂದ್ರದ ಮನೆಯೊಂದಕ್ಕೆ ಹೋಗಿದ್ದೆವು. ಹಾಸಿಗೆ ಹಿಡಿದ ಅಜ್ಜಿಗೆ ಸೆಕೆ ತಾಳಲಾಗದೆಂದು, ಗಲ್ಫ್‌ನಲ್ಲಿ ದುಡಿಯುವ ಮಗ ಹವಾನಿಯಂತ್ರಕಕ್ಕಾಗಿ ಹಣ ಕಳುಹಿಸಿದ್ದ. ಸೊಸೆ ಎರಡು ದರಪಟ್ಟಿಗಳನ್ನು ನಮ್ಮ ಮುಂದಿರಿಸಿ, "ಫಾದರ್, ಇದರಲ್ಲಿ ನಕ್ಷತ್ರ ಕಡಿಮೆ, ಬೆಲೆಯೂ ಕಡಿಮೆ. ಇದರ ತಂಪಿಗೂ ಅದರ ತಂಪಿಗೂ ವ್ಯತ್ಯಾಸವುಂಟೇ?" ಎಂದು ಕೇಳಿದರು.

ತಂಪು ಒಂದೇ, ಮೀಟರಿನ ಓಟ ಬೇರೆ. ಯಂತ್ರದ ಬೆಲೆಯನ್ನು ಒಮ್ಮೆ ತೆರುತ್ತೇವೆ, ವಿದ್ಯುತ್ತಿನ ಬೆಲೆಯನ್ನು ತಿಂಗಳು ತಿಂಗಳೂ ತೆರುತ್ತೇವೆ. ಮೊದಲನೆಯದನ್ನು ಅಂಗಡಿಯವನು ಹೇಳುತ್ತಾನೆ; ಎರಡನೆಯದನ್ನು ಹೇಳಲೆಂದೇ ಲೇಬಲ್ ಹುಟ್ಟಿದೆ.

2001ರ ಇಂಧನ ಸಂರಕ್ಷಣಾ ಕಾಯ್ದೆಯಂತೆ 2002ರಲ್ಲಿ ಸ್ಥಾಪನೆಗೊಂಡ ಇಂಧನ ದಕ್ಷತಾ ಬ್ಯೂರೊ, 2006ರಲ್ಲಿ ಸ್ಟಾರ್ ಲೇಬಲ್ ಯೋಜನೆಯನ್ನು ಆರಂಭಿಸಿತು. ಹವಾನಿಯಂತ್ರಕಗಳಿಗೆ ಮೊದಲು ಐಚ್ಛಿಕವಾಗಿದ್ದ ಈ ಲೇಬಲ್ 2010ರಲ್ಲಿ ಕಡ್ಡಾಯವಾಯಿತು. 2022ರ ಜುಲೈಯಲ್ಲಿ ಜಾರಿಗೆ ಬಂದ ಕೋಷ್ಟಕದಲ್ಲಿ, ಸ್ಪ್ಲಿಟ್ ಮಾದರಿಯ ಒಂದು ನಕ್ಷತ್ರಕ್ಕೆ ಕನಿಷ್ಠ ದಕ್ಷತೆ 3.30, ಐದು ನಕ್ಷತ್ರಕ್ಕೆ 5.00. ಅಂದರೆ ಒಂದೇ ಪ್ರಮಾಣದ ತಂಪಿಗೆ ಮೊದಲನೆಯದು 100 ಯೂನಿಟ್ ಬಳಸಿದರೆ ಎರಡನೆಯದಕ್ಕೆ 66 ಸಾಕು. ಕೋಷ್ಟಕ ಕಾಲಕಾಲಕ್ಕೆ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರ ಇಂದಿನ ಐದಕ್ಕೆ ಸಮನಲ್ಲ. ಆದ್ದರಿಂದ ಲೇಬಲ್‌ನಲ್ಲಿರುವ ಅವಧಿಯನ್ನೂ ಓದಬೇಕು. ಅದರಲ್ಲಿರುವ ವಾರ್ಷಿಕ ಯೂನಿಟ್‌ಗಳ ಲೆಕ್ಕ 1600 ಗಂಟೆಗಳ ಬಳಕೆಗೆ ಮಾತ್ರ ಎಂಬುದನ್ನೂ ಮರೆಯಬಾರದು.

ಆದರೆ ಲೇಬಲ್ ಸತ್ಯವನ್ನು ಹೇಳಬಲ್ಲದು, ಆರಿಸುವ ಶಕ್ತಿಯನ್ನು ಕೊಡಲಾರದು. ಕೈಯಲ್ಲಿ ಹಣ ಕಡಿಮೆಯಿದ್ದವರು ಓದಿ ತಿಳಿದೂ ಅಗ್ಗದ್ದನ್ನೇ ಕೊಳ್ಳುತ್ತಾರೆ. ಬಾಡಿಗೆ ಮನೆಯಲ್ಲಿ ಯಂತ್ರವನ್ನು ಆರಿಸುವವನು ಮಾಲೀಕ, ಬಿಲ್ಲು ಕಟ್ಟುವವನು ಬಾಡಿಗೆದಾರ. ಆದಕಾರಣವೇ ಲೇಬಲ್‌ನೊಂದಿಗೆ ಕನಿಷ್ಠ ಮಾನದಂಡವೂ ಬೇಕು. ಒಂದು ನಕ್ಷತ್ರದ ಮಟ್ಟವನ್ನೂ ಮುಟ್ಟದ ಯಂತ್ರವನ್ನು ನಮ್ಮಲ್ಲಿ ಮಾರುವಂತಿಲ್ಲ. ಲೇಬಲ್ ಓದಬಲ್ಲವನಿಗೆ ಸತ್ಯ. ಮಾನದಂಡ ಆರಿಸಲಾರದವನಿಗೆ ನ್ಯಾಯ.

ಬಡ ದೇಶಗಳಿಗೆ ಈ ನ್ಯಾಯ ಇನ್ನೂ ಅಗತ್ಯ. ನಿಯಮವಿಲ್ಲದ ಮಾರುಕಟ್ಟೆಗೆ ಬೇರೆಡೆ ಮಾರಲಾಗದ ಯಂತ್ರಗಳು ಬಂದು ಬೀಳುತ್ತವೆ. ಇದನ್ನರಿತ ಆಫ್ರಿಕಾದ ಘಾನಾ ದೇಶ 2005ರಲ್ಲಿಯೇ ಹವಾನಿಯಂತ್ರಕಗಳಿಗೆ ಕನಿಷ್ಠ ದಕ್ಷತೆ 2.8 ಎಂದು ಕಾನೂನು ಮಾಡಿತು. ವ್ಯರ್ಥವಾಗುವ ವಿದ್ಯುತ್ತು ಒಂದು ಮನೆಯ ನಷ್ಟವಷ್ಟೇ ಅಲ್ಲ. ರಾಯಚೂರಿನಲ್ಲಾಗಲಿ, ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಾಗಲಿ, ಅದಕ್ಕಾಗಿ ಉರಿಯುವುದು ಕಲ್ಲಿದ್ದಲು. ಆ ಉರಿಯಿಂದ ಏರುವ ಸೆಕೆಯನ್ನು ಫ್ಯಾನೂ ಇಲ್ಲದವರು ಮೊದಲು ಅನುಭವಿಸುತ್ತಾರೆ.

ದಿವಂಗತ ವಿಶ್ವಗುರು ಫ್ರಾನ್ಸಿಸ್‌ರವರು 2015ರ 'ಲೌದಾತೋ ಸೀ' ಪತ್ರದಲ್ಲಿ, ಹಾನಿಕರ ಅನುಭೋಗಕ್ಕೆ ಸರಳ ಉದಾಹರಣೆಯಾಗಿ ಹೆಸರಿಸಿದ್ದು ಹೆಚ್ಚುತ್ತಿರುವ ಹವಾನಿಯಂತ್ರಕಗಳ ಬಳಕೆಯನ್ನೇ. ಹಾಗೆಂದು ರೋಗಿಷ್ಠ ಅಜ್ಜಿಯ ತಂಪು ಭೋಗವೆನಿಸದು. ಆವಶ್ಯಕತೆ ಎಲ್ಲಿ ಮುಗಿದು ಅತಿರೇಕ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಯಾವ ನಕ್ಷತ್ರವೂ ಹೇಳದು. ಅದನ್ನು ನಿರ್ಧರಿಸುವುದು ರಿಮೋಟ್ ಹಿಡಿದ ಕೈ. 2020ರಿಂದ ಹೊಸ ಯಂತ್ರಗಳು 24 ಡಿಗ್ರಿಯಲ್ಲಿಯೇ ಆರಂಭವಾಗುವಂತೆ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಬ್ಯೂರೊದ ಲೆಕ್ಕ.

ಆ ಮನೆಯವರು ಮಗನೊಡನೆ ಮಾತಾಡಿ, ಇನ್ನಷ್ಟು ಹಣ ಹೊಂದಿಸಿ, ಐದು ನಕ್ಷತ್ರದ್ದನ್ನೇ ಕೊಂಡರು. ಮೊನ್ನೆ ಹೋದಾಗ, "24ರಲ್ಲಿಟ್ಟರೆ ಅತ್ತೆ ಕಂಬಳಿ ಕೇಳುತ್ತಾರೆ ಫಾದರ್, 26ಕ್ಕೆ ಇಟ್ಟಿದ್ದೇವೆ" ಎಂದು ಸೊಸೆ ನಕ್ಕರು.

ಪ್ರಿಯ ಓದುಗರೇ, ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ಲೇಬಲ್ ಓದೋಣ. ಮನೆಯನ್ನು ಬಾಡಿಗೆಗೆ ಕೊಡುವವರು, ಬಿಲ್ಲು ಕಟ್ಟುವವರು ತಾವೇ ಎಂಬಂತೆ ಯಂತ್ರವನ್ನು ಆರಿಸಲಿ.