ನಿಮಗಿದು ಗೊತ್ತೆ? ತೊಡೆಯೊಳಗಿನ ಹೆದ್ದಾರಿ

ಸೊಂಟದ ಮೂಳೆಯ ಮುಂದುಗಡೆಯ ಉಬ್ಬಿಗೂ ಕಿಬ್ಬೊಟ್ಟೆಯ ಕೆಳಗಿನ ನಡುಮೂಳೆಗೂ ಸರಿಮಧ್ಯದಲ್ಲಿ, ತೊಡೆಸಂದಿನಲ್ಲಿ ಬೆರಳಿಟ್ಟು ಒತ್ತಿ ನೋಡಿ. ಬಡಿಯುವುದೇ ಫೆಮೊರಲ್ ಅಪಧಮನಿ. ಅದರ ಒಳಮಗ್ಗುಲಿಗೆ ಅಭಿಧಮನಿ, ಹೊರಮಗ್ಗುಲಿಗೆ ನರ. ಚರ್ಮಕ್ಕೆ ಇಷ್ಟು ಹತ್ತಿರವಿರುವುದರಿಂದಲೇ ಹೃದಯದ ಆಂಜಿಯೋಗ್ರಾಂಗೆ ವೈದ್ಯರು ಇಲ್ಲಿಂದಲೂ ನಳಿಕೆ ತೂರಿಸುತ್ತಾರೆ.

ಸುಮಾರು ನಾಲ್ಕು ಸೆಂ.ಮೀ. ಕೆಳಗೆ ಈ ಅಪಧಮನಿಯಿಂದ ಪ್ರೊಫಂಡಾ ಎಂಬ ಆಳದ ಕವಲು ಒಡೆಯುತ್ತದೆ. ತೊಡೆಯ ಸ್ನಾಯುಗಳಿಗೆ ರಕ್ತ ಉಣಿಸುವುದು ಮುಖ್ಯವಾಗಿ ಇದೇ. 1785ರಲ್ಲಿ ಲಂಡನ್ನಿನ ಜಾನ್ ಹಂಟರ್, ಮೊಣಕಾಲ ಹಿಂದೆ ರಕ್ತನಾಳ ಉಬ್ಬಿದ್ದ ಗಾಡಿ ಚಾಲಕನೊಬ್ಬನ ಫೆಮೊರಲ್ ನಾಳವನ್ನು ತೊಡೆಯಲ್ಲೇ ಕಟ್ಟಿದ. ಆದರೂ ಕಾಲು ಉಳಿಯಿತು! ಪ್ರೊಫಂಡಾದಂಥ ಕವಲುಗಳು ಬಳಸುದಾರಿಯಲ್ಲಿ ರಕ್ತ ಒಯ್ದಿದ್ದವು.

ಮುಪ್ಪಿನಲ್ಲಿ ಜಾರಿಬಿದ್ದು ತೊಡೆಮೂಳೆಯ ಕತ್ತು ಮುರಿದರೆ ಅದರ ತಲೆಗೆ ರಕ್ತ ಒಯ್ಯುವ, ಪ್ರೊಫಂಡಾದ ಸಣ್ಣ ಕವಲುಗಳು ಹರಿಯಬಹುದು. ಆಗ ಮೂಳೆಯ ತಲೆಯೇ ಸಾಯಬಹುದು. ಇಂಥ ಮುರಿತಕ್ಕೆ ಕೃತಕ ಕೀಲು ಬೇಕಾಗುವುದು ಹೆಚ್ಚಾಗಿ ಇದಕ್ಕೇ.

ಮಹಾರಾಷ್ಟ್ರದ ಜತ್ತ ಸೀಮೆಯವರಿಗೆ ದೊಡ್ಡ ಕಾಯಿಲೆ ಬಂತೆಂದರೆ ಮಿರಜಿನ ಆಸ್ಪತ್ರೆಯೇ ಗತಿ. ಆದರೆ ಆ ಸೀಮೆಯ ಯಳವಿಯಂಥ ಊರಿನಿಂದ ಮಿರಜ್ ದೂರ; ಫೆಮೊರಲ್ ಅಪಧಮನಿ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಹೊಲದಲ್ಲಿ ಕುಡಗೋಲು ತೊಡೆಗೆ ತಾಗಿ ರಕ್ತ ಚಿಮ್ಮಿದರೆ ಅರಿಸಿನ, ಕಾಫಿಪುಡಿ ಹುಡುಕುತ್ತ ಕೂಡಬೇಡಿ. ಶುಭ್ರ ಬಟ್ಟೆಯಿಟ್ಟು ಗಾಯದ ಮೇಲೆಯೇ ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ, 108ಕ್ಕೆ ಕರೆ ಮಾಡಿಸಿ. ಆಂಬುಲೆನ್ಸ್ ಬರುವವರೆಗೂ ಕೈ ತೆಗೆಯಬೇಡಿ.