ನಿಮಗಿದು ಗೊತ್ತೇ? ಬಸವನಹುಳು ಸಾಕುವ ಮುನ್ನ

ಮಿರಗದ ಮಳೆ ಹಿಡಿಯಿತೆಂದರೆ ಹುಬ್ಬಳ್ಳಿ-ಧಾರವಾಡದ ಹಿತ್ತಲುಗಳಲ್ಲಿ ಬಸವನಹುಳು ಹೊರಬೀಳುತ್ತದೆ. ಅದರ ಬೆನ್ನಿಗೇ ಮಕ್ಕಳ ಹಟ: “ಅವ್ವಾ, ಇದನ್ನ ಸಾಕೂಣೇನು?” ಸಾಕಲಿ. ಖರ್ಚು ಕಡಿಮೆ, ಗದ್ದಲವಿಲ್ಲ, ಗಮನವಿಟ್ಟು ನೋಡಿದಷ್ಟೂ ಕಲಿಯುವುದಿದೆ. ಆದರೆ ಡಬ್ಬಿಯೊಳಗೆ ಇಡುವ ಮೊದಲು ಕೆಲವು ಸಂಗತಿ ಗೊತ್ತಿರಲೇಬೇಕು.

◆ ಹಿತ್ತಲಲ್ಲಿ ಮುಷ್ಟಿಯಷ್ಟು ದೊಡ್ಡ ಬಸವನಹುಳು ಕಂಡರೆ ಅದು ನಮ್ಮ ನೆಲದ್ದಲ್ಲ. ಪೂರ್ವ ಆಫ್ರಿಕ ಮೂಲದ ದೈತ್ಯ ಬಸವನಹುಳು ಅದು. ವಿಲಿಯಂ ಬೆನ್ಸನ್ ಎಂಬ ಶಂಖಜೀವಿ ತಜ್ಞ 1847ರಲ್ಲಿ ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದದ್ದು, ಅಲ್ಲಿಂದ ದೇಶವೆಲ್ಲ ಹಬ್ಬಿತು. ಸಸಿ, ಗೊಬ್ಬರ, ಮಣ್ಣು, ಇಟ್ಟಿಗೆ ಎಲ್ಲೆಲ್ಲಿ ಹೋದವೋ ಅಲ್ಲೆಲ್ಲ ಇದರ ಮರಿ, ಮೊಟ್ಟೆಗಳೂ ಹೋದವು. ಕರ್ನಾಟಕದಲ್ಲಿ ಕೊಡಗಿನ ಕಾಫಿ ತೋಟದವರಿಗೆ ಇದು ಹಲವು ಮಳೆಗಾಲ ನಿದ್ದೆಗೆಡಿಸಿದೆ.

◆ ಗುರುತಿಸುವುದು ಹೇಗೆ? ಆಫ್ರಿಕದ್ದರ ಚಿಪ್ಪು ಉದ್ದ, ತುದಿಯಲ್ಲಿ ಚೂಪು, ಮೈಮೇಲೆ ಕಂದು ಪಟ್ಟೆ. ನಮ್ಮ ದೇಶಿ ತೋಟದ ಹುಳುಗಳಲ್ಲಿ ಹೆಚ್ಚಿನವುಗಳ ಚಿಪ್ಪು ಚಪ್ಪಟೆ, ದುಂಡಗೆ, ತೆಳ್ಳಗೆ. ಕೆಲವಂತೂ ಎಣ್ಣೆ ಸವರಿದಷ್ಟು ಹೊಳೆಯುತ್ತವೆ. ಅಗಲ ಎರಡು-ಮೂರು ಸೆಂಟಿಮೀಟರ್ ಮೇಲೆ ಹೋಗುವುದು ಕಡಿಮೆ. ಒಂದು ತೊಡಕಿದೆ: ಆಫ್ರಿಕದ ಹುಳುವಿನ ಮರಿಯೂ ಸಣ್ಣದೇ. ಹಾಗಾಗಿ ಗಾತ್ರ ನಂಬಬೇಡಿ, ಆಕಾರ ನೋಡಿ. ಅನುಮಾನ ಉಳಿದರೆ ಫೋಟೋ ತೆಗೆದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರಿಗೆ ತೋರಿಸಿ. ಪ್ರತಿ ವರ್ಷ ಸೆಪ್ಟೆಂಬರಿನ ಕೃಷಿ ಮೇಳಕ್ಕೆ ಹೋಗುವವರು ಅಲ್ಲೇ ಕೇಳಬಹುದು.

◆ ಸಾಕಿದ ಹುಳು ಒಂದು ಊರನ್ನೇ ಕಾಡಿದ ಕಥೆ ಇದೆ. 1966ರಲ್ಲಿ ಅಮೆರಿಕದ ಮಿಯಾಮಿಯ ಹುಡುಗನೊಬ್ಬ ಹವಾಯಿಯಿಂದ ಬರುವಾಗ ಮೂರು ಆಫ್ರಿಕದ ಹುಳು ತಂದ. ಕೊನೆಗೆ ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳೇ ವರ್ಷದಲ್ಲಿ ಮೂರು ಹುಳು 18,000 ದಾಟಿದವು. ಅವನ್ನು ಪೂರ್ತಿ ತೊಲಗಿಸುವ ಹೊತ್ತಿಗೆ 1975 ಬಂತು, ಖರ್ಚು ಹತ್ತು ಲಕ್ಷ ಡಾಲರ್ ಮೀರಿತು. 2011ರಲ್ಲಿ ಅದೇ ಮಿಯಾಮಿಯಲ್ಲಿ ಹುಳು ಮತ್ತೆ ಕಾಣಿಸಿಕೊಂಡಿತು. ಈ ಸಲ ಹತ್ತು ವರ್ಷ ಹಿಡಿಯಿತು, ಹೆಕ್ಕಿದ್ದು 1,68,000ಕ್ಕೂ ಹೆಚ್ಚು ಹುಳು. ಅಮೆರಿಕದಲ್ಲಿ ಇದನ್ನು ಅನುಮತಿಯಿಲ್ಲದೆ ಸಾಕುವುದು ಕಾನೂನುಬಾಹಿರ. ಇಂಗ್ಲೆಂಡಿನಲ್ಲಿ ಅಂಗಡಿಯಲ್ಲೇ ಸಿಗುವ ಸಾಕುಪ್ರಾಣಿ, ಅಲ್ಲಿಯ ಚಳಿ ಇದನ್ನು ಹೊರಗೆ ಬಾಳಲು ಬಿಡುವುದಿಲ್ಲ. ನಮ್ಮ ಹವೆಯಲ್ಲಿ ಆ ಅಡ್ಡಿ ಇಲ್ಲ. ಆದ್ದರಿಂದ ನಮ್ಮ ಮಕ್ಕಳ ಡಬ್ಬಿಗೆ ಸಣ್ಣ ದೇಶಿ ಹುಳುವೇ ಸರಿ, ಇದರಲ್ಲಿ ರಾಜಿ ಬೇಡ.

◆ ನೆಲದ ಮೇಲಿನ ಬಹುಪಾಲು ಬಸವನಹುಳುಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಇಲ್ಲ. ಒಂದೇ ಮೈಯಲ್ಲಿ ಎರಡೂ ಇರುತ್ತವೆ. ಇನ್ನೊಂದು ಹುಳುವಿನಿಂದ ಪಡೆದ ವೀರ್ಯವನ್ನು ಆಫ್ರಿಕದ ಹುಳು ತಿಂಗಳುಗಟ್ಟಲೆ ಮೈಯಲ್ಲೇ ಕಾದಿಡಬಲ್ಲದು. “ಒಂದೇ ಇದೆಯಲ್ಲ, ಮರಿ ಹಾಕುವುದೆಲ್ಲಿಂದ?” ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ.

◆ ಕಾಮಣ್ಣನ ಹಬ್ಬದ ಊರಿನವರಿಗೆ ಇದು ಹೇಳಲೇಬೇಕಾದ ಸಂಗತಿ: ಕೆಲವು ಜಾತಿಯ ಬಸವನಹುಳುಗಳು ಕೂಡುವ ಮುನ್ನ ಒಂದಕ್ಕೊಂದು ನಿಜವಾಗಿಯೂ ಬಾಣ ಚುಚ್ಚುತ್ತವೆ. ಯುರೋಪಿನ ತೋಟದ ಹುಳುವಿನಲ್ಲಿ ಅದು ಸುಣ್ಣದ ಅಂಶದಿಂದಾದ ಚೂಪು ಮುಳ್ಳು. ಬಾಣಕ್ಕೆ ಹಚ್ಚಿಕೊಂಡ ಲೋಳೆ, ಚುಚ್ಚಿಸಿಕೊಂಡ ಹುಳುವಿನೊಳಗೆ ವೀರ್ಯ ಹೆಚ್ಚು ಉಳಿಯುವಂತೆ ಮಾಡುತ್ತದೆ.

◆ ನಾಲಿಗೆಯ ಮೇಲೆ ಹತ್ತು ಸಾವಿರಕ್ಕೂ ಮಿಕ್ಕಿ ಹಲ್ಲು! ಕಚ್ಚುವ ಹಲ್ಲಲ್ಲ, ತುರಿಯುವ ಹಲ್ಲು. ರಾತ್ರಿ ಮನೆ ನಿಶ್ಶಬ್ದವಾದ ಮೇಲೆ ಸೌತೆಕಾಯಿ ಹೋಳಿನ ಮೇಲೆ ಕೂತ ಹುಳುವಿನ ಹತ್ತಿರ ಕಿವಿಯಿಟ್ಟರೆ ಆ ತುರಿಯುವ ಸದ್ದು ಕೇಳಿಸುತ್ತದೆ. ಅದಕ್ಕೆ ಮಾತ್ರ ನಿಮ್ಮ ಸದ್ದು ಕೇಳದು, ಬಸವನಹುಳುವಿಗೆ ಕಿವಿಯೇ ಇಲ್ಲ.

◆ ಡಬ್ಬಿಯ ವಿಷಯಕ್ಕೆ ಬರೋಣ. ಹಳೆಯ ಮೀನಿನ ತೊಟ್ಟಿ ಆದೀತು, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೂ ಆದೀತು. ಮುಚ್ಚಳ ಬಿಗಿಯಾಗಿರಬೇಕು, ಗಾಳಿಗೆ ಸಣ್ಣ ತೂತು ಬೇಕು. ಬಸವನಹುಳು ತನ್ನ ಗಾತ್ರಕ್ಕೆ ಮೀರಿದ ಬಲದಿಂದ ಸಡಿಲ ಮುಚ್ಚಳ ನೂಕಿ ಹೊರಬರುತ್ತದೆ, ಬೆಳಿಗ್ಗೆ ನೋಡಿದರೆ ಅಡುಗೆಮನೆ ಗೋಡೆಯ ಮೇಲಿರುತ್ತದೆ. ತಳಕ್ಕೆ ಎರಡು-ಮೂರು ಇಂಚು ಮಣ್ಣು ಅಥವಾ ತೆಂಗಿನ ನಾರಿನ ಪುಡಿ. ಗೊಬ್ಬರ, ಔಷಧಿ ಬಿದ್ದ ಕುಂಡದ ಮಣ್ಣು ಬೇಡವೇ ಬೇಡ. ಮೇಲೊಂದಿಷ್ಟು ಒಣ ಎಲೆ, ಅಡಗಲು ಒಡೆದ ಕುಂಡದ ಚೂರು. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಸೋರಬಾರದು. ತಳದಲ್ಲಿ ನೀರು ನಿಂತರೆ ಹುಳು ಸಾಯುತ್ತದೆ, ಹುಳುವಿಗಿಂತ ಮೊದಲು ಮಣ್ಣು ನಾರುತ್ತದೆ.

◆ ಕ್ಲೋರಿನ್ ಬೆರೆತ ನೀರನ್ನು ಹಿಡಿದ ಕೂಡಲೇ ಸಿಂಪಡಿಸಬಾರದು, ಒಂದು ರಾತ್ರಿ ತೆರೆದಿಟ್ಟು ಬಳಸಬೇಕು. ಈ ಮಾತು ನಮ್ಮೂರಿನಲ್ಲಿ ವಿಶೇಷವಾಗಿ ಹೇಳಬೇಕಿಲ್ಲ. ಮಲಪ್ರಭೆಯ ನೀರು ನಳಕ್ಕೆ ಬರುವುದೇ ಹಲವು ದಿನಕ್ಕೊಮ್ಮೆ ಆಗಿದ್ದ ಓಣಿಗಳಲ್ಲಿ, ಬ್ಯಾರಲ್ಲಿನಲ್ಲಿ ತುಂಬಿಟ್ಟ ನೀರು ಹುಳುವಿಗೆ ಹೇಳಿ ಮಾಡಿಸಿದ್ದು. ಸಂಜೆ ಒಮ್ಮೆ ಸಣ್ಣಗೆ ಸಿಂಪಡಿಸಿದರೆ ಸಾಕು.

◆ ಊಟ? ಸೌತೆಕಾಯಿ, ಗಜ್ಜರಿ, ಕ್ಯಾಬೇಜಿನ ಎಲೆ, ಹೀರೆಕಾಯಿ ಸಿಪ್ಪೆ. ಎಲ್ಲವನ್ನೂ ಚೆನ್ನಾಗಿ ತೊಳೆಯಿರಿ, ಸಂತೆಯ ಕಾಯಿಪಲ್ಲೆಗೆ ಹೊಡೆದ ಔಷಧಿ ಈ ಸಣ್ಣ ಮೈಗೆ ತಡೆಯಲಾಗದು. ನಿಂಬೆ, ಕಿತ್ತಳೆ ಬೇಡ. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಹಿಂದಿನ ದಿನದ ತುಂಡು ಮರುದಿನ ತೆಗೆಯಿರಿ. ಮಕ್ಕಳಿಗೆ ಇಷ್ಟವಾಗುವ ಒಂದು ಪರೀಕ್ಷೆ ಇದೆ: ಗಜ್ಜರಿ ಕೊಟ್ಟರೆ ಹಿಕ್ಕೆ ಕೇಸರಿ, ಸೊಪ್ಪು ಕೊಟ್ಟರೆ ಹಸಿರು. ಆಹಾರದ ಬಣ್ಣ ಅದಕ್ಕೆ ಜೀರ್ಣವಾಗುವುದಿಲ್ಲ.

◆ ಉಪ್ಪು ವಿಷ. ಒಂದು ಚಿಟಿಕೆ ಬಿದ್ದರೂ ಮೈಯ ನೀರೆಲ್ಲ ಹೊರಗೆ ಜಗ್ಗಿಕೊಂಡು ಹುಳು ನರಳಿ ಸಾಯುತ್ತದೆ. ಉಪ್ಪು-ಖಾರ ಬಿದ್ದ ಯಾವ ಅಡುಗೆಯನ್ನೂ ಡಬ್ಬಿಯ ಹತ್ತಿರ ತರಬೇಡಿ. ತಮಾಷೆಗೆ ಉಪ್ಪು ಹಾಕಿ ನೋಡುವ ಮಕ್ಕಳನ್ನು ಕಂಡರೆ ಅಲ್ಲೇ ತಡೆಯಿರಿ. ಅದು ಆಟವಲ್ಲ, ಹಿಂಸೆ.

◆ ಚಿಪ್ಪು ಬಾಡಿಗೆಯ ಮನೆಯಲ್ಲ! ಸನ್ಯಾಸಿ ಏಡಿ ಖಾಲಿ ಶಂಖ ಹುಡುಕಿ ಹೊಕ್ಕಂತೆ ಬಸವನಹುಳು ಹೊಗುವುದಿಲ್ಲ. ಮೊಟ್ಟೆಯಿಂದಲೇ ಚಿಪ್ಪಿನೊಡನೆ ಹುಟ್ಟಿ, ತಾನು ಬೆಳೆಯುವಷ್ಟು ಕಾಲ ಚಿಪ್ಪಿನ ಬಾಯಿಯ ಅಂಚಿನಲ್ಲಿ ಅದನ್ನೇ ಬೆಳೆಸುತ್ತದೆ. ಹುಟ್ಟಿದ ಮರಿಯ ಮೊದಲ ತುತ್ತು ಹಲವು ಸಲ ತನ್ನದೇ ಮೊಟ್ಟೆಯ ಸಿಪ್ಪೆ. ಚಿಪ್ಪು ಬೆಳೆಯಲು ಕ್ಯಾಲ್ಸಿಯಂ ಬೇಕು, ಅದಿಲ್ಲದಿದ್ದರೆ ಚಿಪ್ಪು ತೆಳುವಾಗಿ ಬಿರಿಯುತ್ತದೆ, ಜೊತೆಗಿರುವ ಹುಳುವಿನ ಚಿಪ್ಪನ್ನೇ ಕೆರೆದು ತಿನ್ನುವುದೂ ಉಂಟು. ಫ್ಲಾರಿಡಾದಲ್ಲಿ ಆಫ್ರಿಕದ ಹುಳು ಮನೆಗಳ ಗಿಲಾವನ್ನು ಮೇಯ್ದದ್ದು ಇದೇ ಹಸಿವಿಗೆ. ಕೋಳಿಮೊಟ್ಟೆಯ ಸಿಪ್ಪೆ ತೊಳೆದು, ಕುದಿಸಿ, ಒಣಗಿಸಿ ಪುಡಿ ಮಾಡಿಡಿ. ಗಿಳಿ ಸಾಕುವವರು ಕೊಳ್ಳುವ ಕಡಲಿನ ಬಿಳಿ ಎಲುಬೂ ಆದೀತು. ಮೊಟ್ಟೆ ತಾರದ ಮನೆಯವರು ಎರೆಹೊಲದಲ್ಲಿ ಸಿಗುವ ಬಿಳಿ ಸುಣ್ಣದ ಗಂಟನ್ನು ತೊಳೆದಿಡಬಹುದು. ಎಲೆ-ಅಡಿಕೆಯ ಸುಣ್ಣ ಮಾತ್ರ ಎಂದಿಗೂ ಬೇಡ, ಅದು ಮೈ ಸುಡುತ್ತದೆ.

◆ ಗಾಜಿನ ಮೇಲೆ ಹತ್ತಿದಾಗ ಹೊರಗಿನಿಂದ ಅದರ ಅಡಿ ನೋಡಿ. ಬಾಲದ ಕಡೆಯಿಂದ ತಲೆಯ ಕಡೆಗೆ ಮಬ್ಬು ಪಟ್ಟೆಗಳು ಒಂದರ ಹಿಂದೊಂದು ಸರಿಯುತ್ತಿರುತ್ತವೆ. ಪ್ರತಿ ಪಟ್ಟೆಯೂ ಸ್ನಾಯುವಿನ ಒಂದು ಅಲೆ, ಹುಳು ಮುಂದೆ ಹೋಗುವುದು ಅದರಿಂದಲೇ. ಚಿಪ್ಪಿನ ಬಾಯಿಯ ಹತ್ತಿರ, ಸಾಮಾನ್ಯವಾಗಿ ಬಲಗಡೆ, ಒಂದು ತೂತು ತೆರೆಯುತ್ತದೆ, ಮುಚ್ಚುತ್ತದೆ. ಅದೇ ಉಸಿರಿನ ದಾರಿ. ಇಷ್ಟನ್ನು ಕಣ್ಣಾರೆ ಕಂಡ ಮಗುವಿಗೆ ಪಠ್ಯದ ಚಿತ್ರ ಬೇಕಾಗುವುದಿಲ್ಲ.

◆ ತೋಟದ ಹುಳುವಿನ ವೇಗ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿ.ಮೀ. ಎಂದಿಟ್ಟುಕೊಂಡರೆ ಹಗಲಿರುಳು ನಡೆದರೂ ಸುಮಾರು 230 ದಿನ. ಚಿಗರಿ ಬಸ್ಸಿಗೆ ಒಂದು ತಾಸೂ ಬೇಡ.

◆ ರಕ್ತ ಕೆಂಪಲ್ಲ. ನಮ್ಮಲ್ಲಿ ಕಬ್ಬಿಣ ಮಾಡುವ ಕೆಲಸ ಅದರ ರಕ್ತದಲ್ಲಿ ತಾಮ್ರದ್ದು, ಗಾಳಿ ತಾಗಿದರೆ ನಸುನೀಲಿ.

◆ ಮೇಲಿನ ಎರಡು ಉದ್ದ ಕೊಂಬಿನ ತುದಿಯಲ್ಲಿ ಕಣ್ಣು. ಕೊಂಬು ತುಂಡಾದರೆ ಕಣ್ಣಿನ ಸಮೇತ ಮತ್ತೆ ಬೆಳೆಯುತ್ತದೆ. ಹಾಗಂತ ಮುಟ್ಟಿ ಕಾಡಬೇಡಿ.

◆ ಎತ್ತುವಾಗ ಚಿಪ್ಪು ಹಿಡಿದು ಜಗ್ಗಬಾರದು. ಒಳಗೆ ಮೈ ಚಿಪ್ಪಿಗೆ ಸ್ನಾಯುವಿನಿಂದ ಅಂಟಿಕೊಂಡಿದೆ, ಜಗ್ಗಿದರೆ ಹರಿಯುತ್ತದೆ. ಒದ್ದೆ ಬೆರಳನ್ನು ಮುಂದಿಡಿ, ತಾನೇ ಹತ್ತುತ್ತದೆ. ಅಂಚು ಸ್ವಲ್ಪ ಮುಕ್ಕಾದರೆ ತಾನೇ ಸರಿಪಡಿಸಿಕೊಳ್ಳುತ್ತದೆ, ಎತ್ತರದಿಂದ ಬಿದ್ದು ಚಿಪ್ಪಿನ ನೆತ್ತಿ ಒಡೆದರೆ ಉಳಿಯುವುದು ಕಷ್ಟ.

◆ ಚಿಪ್ಪಿನ ಸುರುಳಿ ಬಹುತೇಕ ಬಲಕ್ಕೆ. ಪಶ್ಚಿಮ ಘಟ್ಟದ ಅರಿಯೊಫ್ಯಾಂಟ ಗುಂಪಿನಲ್ಲಿ ಎಡಕ್ಕೆ ಸುತ್ತುವ ಜಾತಿಗಳೇ ಇವೆ, ಧಾರವಾಡದಿಂದ ಪಡುವಣಕ್ಕೆ ಘಟ್ಟದ ಕಡೆ ಹೋದಾಗ ಕಣ್ಣಿಡಿ. 2016ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಎಡಸುರುಳಿಯ ತೋಟದ ಹುಳುವೊಂದು ಸಿಕ್ಕಿತ್ತು, ಹೆಸರು ಜೆರೆಮಿ. ಬಲಸುರುಳಿಯವುಗಳೊಡನೆ ಕೂಡಲಾಗದೆ, ಎಡಸುರುಳಿಯ ಜೊತೆಗಾಗಿ ಜಗತ್ತಿಗೇ ಕರೆ ಕೊಡಬೇಕಾಯಿತು. ಕೊನೆಗೂ ಜೊತೆ ಸಿಕ್ಕಿತು. ಮರಿಗಳೆಲ್ಲ ಬಲಸುರುಳಿಯವೇ ಹುಟ್ಟಿದವು.

◆ ಏಪ್ರಿಲ್-ಮೇ ಬಿಸಿಲಿಗೆ ಹುಳು ಒಳಸೇರಿ, ಬಾಯಿಗೆ ಲೋಳೆಯ ಪರದೆ ಕಟ್ಟಿಕೊಂಡು ಮಲಗಿಬಿಡುತ್ತದೆ. ಸತ್ತಿತೆಂದು ಎಸೆಯಬೇಡಿ! ಸತ್ತ ಹುಳು ನಾರುತ್ತದೆ, ಮಲಗಿದ್ದು ನಾರುವುದಿಲ್ಲ. ಪರದೆ ಕೀಳಬಾರದು, ಡಬ್ಬಿಯನ್ನು ಬಿಸಿಲು ಬೀಳದ ತಂಪಿನ ಮೂಲೆಗೆ ಸರಿಸಿ ನೀರು ಸಿಂಪಡಿಸಿ. ಇದು ಎಷ್ಟು ಕಾಲ ಮಲಗಬಲ್ಲದು? 1846ರ ಮಾರ್ಚಿನಲ್ಲಿ ಬ್ರಿಟಿಷ್ ಮ್ಯೂಸಿಯಂನವರು ಈಜಿಪ್ಟಿನ ಮರುಭೂಮಿಯ ಹುಳುವೊಂದನ್ನು ಸತ್ತದ್ದೆಂದೇ ತಿಳಿದು ರಟ್ಟಿಗೆ ಅಂಟಿಸಿಟ್ಟರು. 1850ರ ಮಾರ್ಚಿನಲ್ಲಿ ರಟ್ಟಿನ ಮೇಲೆ ಲೋಳೆಯ ಗುರುತು ಕಂಡಿತು. ಉಗುರುಬೆಚ್ಚನೆಯ ನೀರಿಗೆ ಹಾಕಿದರು, ಹುಳು ತಲೆ ಹೊರಹಾಕಿತು. ನಾಲ್ಕು ವರ್ಷ ಅನ್ನ-ನೀರಿಲ್ಲದೆ ಬದುಕಿತ್ತು.

◆ ಹುಳುವಿಗೆ ನೆನಪಿದೆಯೇ, ಒಡನಾಟದ ನಂಟಿದೆಯೇ? ಚಾರ್ಲ್ಸ್ ಡಾರ್ವಿನ್ 1871ರ ತನ್ನ ಗ್ರಂಥದಲ್ಲಿ, ಲಾನ್ಸ್‌ಡೇಲ್ ಎಂಬವರು ಕಂಡದ್ದನ್ನು ಬರೆದಿಟ್ಟಿದ್ದಾನೆ. ಹಸಿರು ಕಡಿಮೆಯಿದ್ದ ತೋಟದಲ್ಲಿ ಎರಡು ಹುಳು ಬಿಟ್ಟಿದ್ದರು, ಒಂದು ಸೊರಗಿತ್ತು. ಗಟ್ಟಿಮುಟ್ಟಾದದ್ದು ಗೋಡೆ ದಾಟಿ ಪಕ್ಕದ ಸಮೃದ್ಧ ತೋಟಕ್ಕೆ ಹೋಯಿತು, ಒಂದು ದಿನ ಕಳೆದು ಮರಳಿ ಬಂತು. ಸ್ವಲ್ಪದರಲ್ಲೇ ಎರಡೂ ಅದೇ ದಾರಿ ಹಿಡಿದು ಗೋಡೆಯಾಚೆ ಹೋದವು. ಇಷ್ಟು ಸಣ್ಣ ಜೀವಿಯನ್ನು ಅಷ್ಟು ತಾಳ್ಮೆಯಿಂದ ನೋಡಿದವರ ಬಗ್ಗೆ ಗೌರವ ಮೂಡುತ್ತದೆ. ಕಾದಂಬರಿಗಾರ್ತಿ ಪ್ಯಾಟ್ರಿಶಿಯಾ ಹೈಸ್ಮಿತ್ ತಾವು ಸಾಕಿದ ಬಸವನಹುಳುಗಳನ್ನು ಲೆಟ್ಯೂಸ್ ಎಲೆಯ ಸಮೇತ ಕೈಚೀಲದಲ್ಲಿಟ್ಟುಕೊಂಡು ಔತಣಕ್ಕೆ ಹೋಗಿದ್ದುಂಟು.

◆ ಹವಾಯಿಯ ಕಾಡಿನಲ್ಲಿ ಬಣ್ಣಬಣ್ಣದ ಮರದ ಬಸವನಹುಳುಗಳಿದ್ದವು. ಆಫ್ರಿಕದ ಹುಳುವನ್ನು ಹತೋಟಿಗೆ ತರಲು 1955ರಲ್ಲಿ ಅಲ್ಲಿಗೆ ಬೇಟೆಗಾರ ಬಸವನಹುಳುವೊಂದನ್ನು ತಂದು ಬಿಟ್ಟರು. ಅದು ದೈತ್ಯನನ್ನು ಬಿಟ್ಟು ಊರಿನ ಹುಳುಗಳನ್ನು ತಿಂದಿತು. ಒಂದು ಜಾತಿಯ ಕೊನೆಯ ಹುಳು, ಜಾರ್ಜ್ ಎಂದು ಹೆಸರಿಟ್ಟದ್ದು, 2019ರ ಜನವರಿ 1ರಂದು ಪ್ರಯೋಗಾಲಯದ ಡಬ್ಬಿಯಲ್ಲೇ ಸತ್ತಿತು. ಅದರೊಡನೆ ಆ ಜಾತಿಯೂ ಮುಗಿಯಿತು.

◆ ಆರೋಗ್ಯದ ಮಾತು ಕೊನೆಗೆ ಬಂದರೂ ಕಡೆಗಣಿಸುವಂಥದ್ದಲ್ಲ. ಇಲಿಯ ಶ್ವಾಸಕೋಶದ ಒಂದು ಜಂತು, ಇಲಿಯ ಹಿಕ್ಕೆಯ ಮೂಲಕ ಬಸವನಹುಳುವಿನ ಮೈ ಸೇರುತ್ತದೆ. ಬೇಯದ ಹುಳು ತಿಂದರೆ, ಅಥವಾ ಸಣ್ಣ ಹುಳು ಅಡಗಿದ್ದ ಹಸಿ ಸೊಪ್ಪನ್ನು ತೊಳೆಯದೆ ತಿಂದರೆ, ಅದು ಮನುಷ್ಯರಲ್ಲಿ ಮಿದುಳಿನ ಪೊರೆಯ ಉರಿಯೂತ ತರಬಲ್ಲದು. ಕಾಡು ಹುಳು ಹಿಡಿಯುವಾಗ ಕೈಗವಸು ಹಾಕಿ, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಮಳೆಗಾಲದಲ್ಲಿ ಹಸಿ ತಪ್ಪಲು ತಿನ್ನುವ ಮುನ್ನ ಎಲೆ ಎಲೆ ಬಿಡಿಸಿ ತೊಳೆಯಿರಿ. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಕೂಸು ಮನೆಯಲ್ಲಿದ್ದರೆ ಸಾಕುವುದನ್ನು ಒಂದೆರಡು ವರ್ಷ ಮುಂದಕ್ಕೆ ಹಾಕಿ.

◆ ಡಬ್ಬಿಯ ಮಣ್ಣು ಚೆಲ್ಲುವ ಮುನ್ನ ಕೆದಕಿ ನೋಡಿ. ಬಿಳಿ-ಹಳದಿಯ ಸಣ್ಣ ಮೊಟ್ಟೆ ಸಿಕ್ಕರೆ ಮಣ್ಣಿನ ಸಮೇತ ಚೀಲಕ್ಕೆ ಕಟ್ಟಿ ಎರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಎಸೆಯಿರಿ. ಸಾಕಿ ಸಾಕಾಯಿತೆಂದರೆ, ದೇಶಿ ಹುಳುವನ್ನು ಹಿಡಿದ ಜಾಗದಲ್ಲೇ, ಮಳೆ ಬಿದ್ದ ಸಂಜೆ ಬಿಟ್ಟುಬನ್ನಿ. ಆಫ್ರಿಕದ್ದು ಕೈಗೆ ಬಂದಿದ್ದರೆ ಮಾತ್ರ ಉಣಕಲ್ ಕೆರೆಯ ದಂಡೆಗಾಗಲಿ, ಸಾಧನಕೇರಿಗಾಗಲಿ, ಊರಿನ ಹೊಲದ ಬದುವಿಗಾಗಲಿ ದಯವಿಟ್ಟು ಬಿಡಬೇಡಿ.